‘ನಾರ್ಮಲ್ಲೇ ಇದೆ’ ಅಂತ ಆರು ವರ್ಷ ಹೇಳಿದೆ

ಐದು ತಿಂಗಳ ಹಿಂದೆ ನಮ್ಮ ಆಫೀಸಿನಲ್ಲಿ ರಕ್ತದಾನ ಶಿಬಿರ ಇತ್ತು. ಟೀಮಿನವರೆಲ್ಲ ಹೊರಟರು ಅಂತ ನಾನೂ ಹೋದೆ. ಕೊಟ್ಟಾದ ಮೇಲೆ ಸಿಗುವ ಜ್ಯೂಸು, ಬಿಸ್ಕತ್ತಿನ ಆಸೆಯೂ ಸ್ವಲ್ಪ ಇತ್ತು ಅನ್ನಿ. ಬೆರಳು ಚುಚ್ಚಿ ನೋಡಿದ ಹುಡುಗಿ ಮಾತಾಡದೆ ಇನ್ನೊಂದು ಬೆರಳು ಚುಚ್ಚಿದಳು. ಆಮೇಲೆ ಮೆಲ್ಲಗೆ, “ಮೇಡಂ, ನೀವು ಕೊಡೋದಿರಲಿ, ನಿಮಗೇ ಯಾರಾದ್ರೂ ಕೊಡಬೇಕಾಗುತ್ತೆ” ಅಂದಳು. ಹಿಮೋಗ್ಲೋಬಿನ್ 8.6. ರಕ್ತದಾನ ಮಾಡೋಕೆ ಕನಿಷ್ಠ 12.5 ಇರಬೇಕು.

ಮೆಟ್ಟಿಲು ಹತ್ತಿದರೆ ಏದುಸಿರು ಬರ್ತಿತ್ತು, ಕೂದಲು ಕೈಗೆ ಬರ್ತಿತ್ತು, ಸಂಜೆ ಐದಕ್ಕೆ ಮಾನಿಟರ್ ಮುಂದೆ ಕಣ್ಣು ಮುಚ್ಚಿಕೊಳ್ತಿತ್ತು. ಇದೆಲ್ಲ ಬೆಂಗಳೂರಿನ ಟ್ರಾಫಿಕ್ಕಿನದ್ದು, ನಿದ್ದೆ ಕಡಿಮೆಯದ್ದು ಅಂದುಕೊಂಡಿದ್ದೆ. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ ಮುಟ್ಟು ಹೇಗಿದೆ ಅಂತ.

“ನಾರ್ಮಲ್, ಡಾಕ್ಟ್ರೇ.”

“ನಾರ್ಮಲ್ ಅಂದ್ರೆ ಎಷ್ಟು ದಿನ?”

“ಒಂಬತ್ತು... ಒಂದೊಂದ್ಸಲ ಹತ್ತು.”

ಬರೀತಿದ್ದವರು ಪೆನ್ನು ಕೆಳಗಿಟ್ಟರು.

ನಾನೇನೂ ಸುಳ್ಳು ಹೇಳಿರಲಿಲ್ಲ. ತಿಂಗಳು ತಿಂಗಳು ತಪ್ಪದೆ ಆಗ್ತಿತ್ತು. ನಮ್ಮಲ್ಲಿ ನಾರ್ಮಲ್ ಅಂದರೆ ಅಷ್ಟೇ ತಾನೆ? ತಡವಾದರೆ ಮಾತ್ರ ಎಲ್ಲರಿಗೂ ಗಾಬರಿ. ಹೆಚ್ಚು ಹೋದರೆ ‘ಕೆಟ್ಟ ರಕ್ತ ಹೋಗಲಿ ಬಿಡು’ ಅಂತಾರೆ. ಅದು ಕೆಟ್ಟ ರಕ್ತವಲ್ಲ. ಗರ್ಭಕೋಶದ ಒಳಪದರ ಕಳಚಿ ಬರುವಾಗ ಅದರ ಜೊತೆ ಹೋಗೋದು ನಮ್ಮ ಮೈಯಲ್ಲಿ ಓಡಾಡುವ ರಕ್ತವೇ, ಕಬ್ಬಿಣಾಂಶ ಸಮೇತ.

ಅವತ್ತು ಡಾಕ್ಟರಮ್ಮ ಹೇಳಿದ್ದನ್ನು, ಆಮೇಲೆ ನಾನು ಓದಿಕೊಂಡಿದ್ದನ್ನು ಸೇರಿಸಿ ಹೇಳ್ತೀನಿ. ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ, ಅಂದರೆ ಫಿಗೋ, 2018ರಲ್ಲಿ ಪರಿಷ್ಕರಿಸಿದ ಲೆಕ್ಕದ ಪ್ರಕಾರ ವಯಸ್ಕ ಹೆಂಗಸರಲ್ಲಿ ಒಂದು ಮುಟ್ಟಿನಿಂದ ಇನ್ನೊಂದಕ್ಕೆ 24ರಿಂದ 38 ದಿನ ಸಹಜ. ಸ್ರಾವ 8 ದಿನದವರೆಗೆ ಇರಬಹುದು. ಈ ತಿಂಗಳು 27, ಬರೋ ತಿಂಗಳು 32 ಆದರೂ ಪರವಾಗಿಲ್ಲ. ಅತಿ ಚಿಕ್ಕ ಚಕ್ರಕ್ಕೂ ಅತಿ ದೊಡ್ಡದಕ್ಕೂ ಒಂದು ವಾರ, ವಯಸ್ಸಿನ ಮೇಲೆ ಒಂಬತ್ತು ದಿನದವರೆಗೂ ವ್ಯತ್ಯಾಸ ಇರಬಹುದು. ಮೈನೆರೆದ ಮೊದಲ ಎರಡು ಮೂರು ವರ್ಷ ಹುಡುಗಿಯರಿಗೆ 21ರಿಂದ 45 ದಿನದವರೆಗೂ ಹಿಂದೆ ಮುಂದೆ ಆಗ್ತಿರುತ್ತೆ.

ಹಾಗಾದರೆ ಎಲ್ಲ ಕಡೆ ಕೇಳುವ ಆ 28? ಅದು ಬರೀ ಒಂದು ಸರಾಸರಿ. 2019ರಲ್ಲಿ ಒಂದು ಆ್ಯಪ್‌ನಲ್ಲಿ ದಾಖಲಾದ ಆರು ಲಕ್ಷಕ್ಕೂ ಹೆಚ್ಚು ಚಕ್ರಗಳನ್ನು ಲೆಕ್ಕ ಹಾಕಿ ನೋಡಿದಾಗ ಸರಾಸರಿ 29.3 ದಿನ ಬಂದಿತ್ತು. ಸರಿಯಾಗಿ 28 ದಿನಕ್ಕೆ ಆಗಿದ್ದು ನೂರರಲ್ಲಿ 13 ಮಾತ್ರ. ನಿಮ್ಮ ಫೋನಿನ ಆ್ಯಪ್ ಕೆಂಪು ಅಕ್ಷರದಲ್ಲಿ ‘4 ದಿನ ತಡ’ ಅಂತ ಹೆದರಿಸಿದರೆ, ಅದು ಹೋಲಿಸ್ತಿರೋದು ನಿಮ್ಮ ಚಕ್ರದ ಜೊತೆಗೋ ಅಥವಾ ತನಗೆ ಮೊದಲೇ ತುಂಬಿಟ್ಟ 28ರ ಜೊತೆಗೋ ನೋಡಿ. (ಗರ್ಭ ನಿಲ್ಲುವ ಸಾಧ್ಯತೆ ಇದ್ದರೆ ಮಾತ್ರ ಈ ತರ್ಕವೆಲ್ಲ ಬೇಡ, ಮೊದಲು ಟೆಸ್ಟ್ ಮಾಡಿಕೊಳ್ಳಿ.)

ಎಣಿಸುವುದರಲ್ಲೇ ಬಹಳ ಜನ ಎಡವ್ತೀವಿ. ಸ್ರಾವ ಶುರುವಾದ ದಿನ ಒಂದನೇ ದಿನ. ಮುಂದಿನ ಸಲ ಶುರುವಾಗುವ ಹಿಂದಿನ ದಿನಕ್ಕೆ ಚಕ್ರ ಮುಗೀತು. ನನ್ನ ಹಳೇ ರೂಮ್‌ಮೇಟ್ ನಿಂತ ದಿನದಿಂದ ಎಣಿಸ್ತಿದ್ದಳು. ಅವಳ ಲೆಕ್ಕದಲ್ಲಿ ಅವಳಿಗೆ ಇಪ್ಪತ್ತೆರಡು ದಿನಕ್ಕೇ ಆಗ್ತಿತ್ತು! ಇನ್ನೊಬ್ಬಳು, ‘ನಂಗೆ ಒಂದೇ ತಿಂಗಳಲ್ಲಿ ಎರಡು ಸಲ ಆಯ್ತು ಕಣೇ’ ಅಂತ ಅತ್ತಿದ್ದಳು. ನೋಡಿದರೆ ಒಂದನೇ ತಾರೀಕು ಒಂದು, 29ಕ್ಕೆ ಇನ್ನೊಂದು. ಅದು 28 ದಿನದ ಚಕ್ರವೇ. ‘ನನ್ನ ಡೇಟು ಹನ್ನೆರಡು’ ಅಂತ ತಾರೀಕು ಹಿಡಿದು ಕೂರುವುದರಿಂದಲೇ ಈ ಗೊಂದಲ. 28 ದಿನಕ್ಕೆ ಆಗುವವರಿಗೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಆಗುತ್ತೆ.

ಟೆನ್ಶನ್ ಆದರೆ, ಜ್ವರ ಬಂದರೆ ಮುಂದಕ್ಕೆ ಹೋಗೋದು ಯಾಕೆ ಅಂತಲೂ ಕೇಳಿದೆ. ಅಂಡಾಣು ಬಿಡುಗಡೆಯಾದ ಮೇಲೆ ಮುಟ್ಟಾಗೋಕೆ ಹೆಚ್ಚುಕಡಿಮೆ ಎರಡು ವಾರ, ಅದು ಅಷ್ಟಾಗಿ ಬದಲಾಗಲ್ಲ. ಅದಕ್ಕೂ ಹಿಂದಿನ ಅರ್ಧ, ಅಂಡಾಣು ಬೆಳೆಯುವ ಸಮಯ, ಅದೇ ಹಿಗ್ಗೋದು ಕುಗ್ಗೋದು. ರಿಲೀಸ್ ಇದ್ದ ತಿಂಗಳು (ಸಾಫ್ಟ್‌ವೇರ್ ರಿಲೀಸು ಕಣ್ರೀ) ನಿದ್ದೆಗೆಟ್ಟರೆ ಅಂಡಾಣುವಿನ ಬಿಡುಗಡೆ ತಡವಾಗಬಹುದು, ಹಿಂದೆಯೇ ಮುಟ್ಟೂ ತಡ. ವರಮಹಾಲಕ್ಷ್ಮಿ ಹಬ್ಬಕ್ಕೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಮುಂದಕ್ಕೆ ಹಾಕ್ತೀವಲ್ಲ, ಆ ತಿಂಗಳನ್ನಂತೂ ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ನುಂಗಬೇಡಿ. ನಾನು ಎರಡು ವರ್ಷ ನುಂಗಿದ್ದೆ.

ದಿನಗಳ ಲೆಕ್ಕ ಒಂದು ಕಡೆ, ಪ್ರಮಾಣ ಇನ್ನೊಂದು. ಒಂದು ಸಲಕ್ಕೆ ಸಾಮಾನ್ಯವಾಗಿ ಹೋಗೋದು 30-40 ಮಿಲಿಲೀಟರ್. 80 ದಾಟಿದರೆ ಹೆಚ್ಚು. ಅಂದರೆ ಐದು ಟೇಬಲ್ ಸ್ಪೂನಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಳೆಯೋರು ಯಾರು? ಹಾಗಾಗಿ ಡಾಕ್ಟರಮ್ಮ ಕೇಳಿದ್ದೇ ಬೇರೆ. ಗಂಟೆಗೊಂದು ಪ್ಯಾಡ್ ತುಂಬಿ, ಹಾಗೇ ಒಂದೆರಡು ಗಂಟೆ ಮುಂದುವರಿಯುತ್ತಾ? ಒಂದರ ಮೇಲೊಂದು ಎರಡು ಇಟ್ಕೋತೀರಾ? ರಾತ್ರಿ ಬದಲಾಯಿಸೋಕೆ ಏಳ್ತೀರಾ? ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಗಡ್ಡೆಗಳು ಹೋಗುತ್ತಾ?

ನಾಲ್ಕಕ್ಕೂ ಹೌದು. ಎರಡನೇ ದಿನ ಕಪ್ಪು ಪ್ಯಾಂಟೇ ಹಾಕೋದು, ಹಾಸಿಗೆ ಮೇಲೆ ಹಳೇ ಬೆಡ್‌ಶೀಟ್ ಮಡಿಸಿ ಹಾಸಿಕೊಳ್ಳೋದು, ಮೀಟಿಂಗಿನಲ್ಲಿ ಎಲ್ಲರೂ ಎದ್ದು ಹೋದ ಮೇಲೆ ಕುರ್ಚಿ ನೋಡಿಕೊಂಡು ಏಳೋದು. ಇದನ್ನೆಲ್ಲ ನಾನು ಜಾಣತನ ಅಂದುಕೊಂಡಿದ್ದೆ, ರೋಗಲಕ್ಷಣ ಅಂತಲ್ಲ.

ಸ್ಕ್ಯಾನಿಂಗ್‌ನಲ್ಲಿ ಫೈಬ್ರಾಯ್ಡ್ ಕಂಡಿತು. ಗರ್ಭಕೋಶದಲ್ಲಿ ಬೆಳೆಯುವ ಗಂಟು, ಕ್ಯಾನ್ಸರ್ ಅಲ್ಲ. ಎರಡಿತ್ತು. ಥೈರಾಯ್ಡ್ ಟೆಸ್ಟೂ ಮಾಡಿಸಿದರು, ಅದು ಸರಿ ಇತ್ತು. ಸ್ರಾವದ ದಿನಗಳಲ್ಲಿ ಮಾತ್ರ ತಗೊಳ್ಳೋಕೆ ಒಂದು ಮಾತ್ರೆ, ದಿನಾ ಒಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಜೊತೆಗೆ ಒಂದು ಕಟ್ಟಪ್ಪಣೆ: ಕಬ್ಬಿಣದ ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿಯೋ ಹಾಗಿಲ್ಲ, ಅದು ಕಬ್ಬಿಣ ಮೈಗೆ ಹಿಡಿಯೋಕೆ ಬಿಡಲ್ಲ. ನಿಂಬೆ ಶರಬತ್ತಾದರೆ ಒಳ್ಳೇದು. ಫಿಲ್ಟರ್ ಕಾಫಿ ಇಲ್ಲದೆ ದಿನವೇ ಶುರುವಾಗದ ಮನೆಯಲ್ಲಿ ಹುಟ್ಟಿದವಳಿಗೆ ಇದೇ ದೊಡ್ಡ ಶಿಕ್ಷೆ. ಮಾತ್ರೆಯನ್ನು ಮಧ್ಯಾಹ್ನಕ್ಕೆ ತಳ್ಳಿದ್ದೀನಿ.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ.

“ನಮ್ಮ ಮನೇಲಿ ಎಲ್ಲರಿಗೂ ಹಂಗೇ ಕಣೇ ಪುಟ್ಟಿ. ನಿಮ್ಮಜ್ಜಿಗೂ ಹಂಗೇ ಇತ್ತು, ನನಗೂ ಹಂಗೇ.”

ಈ ಮಾತನ್ನು ಮೊದಲೂ ಕೇಳಿದ್ದೆ. ಅದನ್ನು ನಂಬಿಯೇ ಆರು ವರ್ಷ ಸುಮ್ಮನಿದ್ದೆ. ಈ ಸಲ ಮಾತ್ರ ಬೇರೆ ಥರ ಕೇಳಿಸಿತು. ಫೈಬ್ರಾಯ್ಡ್ ಮನೆತನದಲ್ಲಿ ಬರುತ್ತೆ ಅಂತ ಬೆಳಿಗ್ಗೆಯಷ್ಟೇ ಡಾಕ್ಟರಮ್ಮ ಹೇಳಿದ್ದರು. ಅಮ್ಮ ಹೇಳ್ತಿದ್ದದ್ದು ನಿಜವೇ, ಎಲ್ಲರಿಗೂ ಹಾಗೇ ಇತ್ತು. ಆದರೆ ಎಲ್ಲರಿಗೂ ಇದ್ದ ಮಾತ್ರಕ್ಕೆ ಅದು ಸರಿ ಇತ್ತು ಅಂತಲ್ಲ.

“ಅಮ್ಮ, ನಿಂಗೆ ಆಪರೇಷನ್ ಆಗೋಕ್ಮುಂಚೆ ಎಷ್ಟು ದಿನ ಹೋಗ್ತಿತ್ತು?”

ಅಮ್ಮನಿಗೆ ಮೂವತ್ತೊಂಬತ್ತಕ್ಕೇ ಗರ್ಭಕೋಶ ತೆಗೆದಿದ್ದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಯಾಕೆ ಅಂತ ನಾವ್ಯಾರೂ ಕೇಳಿರಲಿಲ್ಲ, ‘ಹೆಂಗಸರ ತೊಂದರೆ’ ಅಂತ ಮಾತು ಮುಗಿದಿತ್ತು. ಸ್ವಲ್ಪ ಹೊತ್ತು ಆ ಕಡೆಯಿಂದ ಬರೀ ಟಿವಿ ಸದ್ದು.

“ಹನ್ನೆರಡು, ಹದಿನೈದು ದಿನ... ಎಣಿಸಿದ್ಯಾರು? ಹೊರಗೆ ಕೂತಿದ್ದು ಮೂರೇ ದಿನ. ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು ಅಡಿಗೆಮನೆಗೆ ಹೋಗೋದು. ಹೋಗ್ತಾನೇ ಇದ್ರೂ ಯಾರಿಗೆ ಹೇಳೋದು?”

ಮೂರು ದಿನ ಅನ್ನೋದು ಶಾಸ್ತ್ರದ ಲೆಕ್ಕ, ಮೈಯದ್ದಲ್ಲ. ಅಮ್ಮನ ಪೀಳಿಗೆಯ ಎಷ್ಟೋ ಜನರಿಗೆ ಎರಡೂ ಒಂದೇ ಆಗಿಹೋಗಿದ್ದವು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಅದಕ್ಕೆ ಊಟದ್ದೂ ಸೇರಿ ಹತ್ತು ಕಾರಣ ಇರಬಹುದು. ಹೆಚ್ಚು ಸ್ರಾವ ಅವುಗಳಲ್ಲಿ ಒಂದು.

ನನ್ನಂತೆ ಆರು ವರ್ಷ ಕಾಯಬೇಡಿ. ಸ್ರಾವ ಎಂಟು ದಿನ ದಾಟುತ್ತಿದ್ದರೆ, 24 ದಿನಕ್ಕಿಂತ ಮೊದಲೇ ಅಥವಾ 38 ದಾಟಿಯೇ ಮತ್ತೆ ಮತ್ತೆ ಆಗ್ತಿದ್ದರೆ, ಮೂರು ತಿಂಗಳು ಆಗದೇ ಇದ್ದರೆ, ಎರಡು ಮುಟ್ಟಿನ ಮಧ್ಯೆ ಅಥವಾ ಗಂಡ-ಹೆಂಡತಿ ಸೇರಿದ ಮೇಲೆ ರಕ್ತ ಕಂಡರೆ ಹೋಗಿ ತೋರಿಸಿ. ಮದುವೆಯಾಗಿಲ್ಲ ಅಂತ ಹಿಂಜರಿಯಬೇಡಿ, ನನಗೂ ಆಗಿಲ್ಲ. ಹೋಗುವಾಗ ಕಡೇ ಮೂರು ತಿಂಗಳ ತಾರೀಕು, ಎಷ್ಟು ದಿನ ಹೋಯ್ತು, ದಿನಕ್ಕೆ ಎಷ್ಟು ಪ್ಯಾಡ್ ಅಂತ ಬರೆದುಕೊಂಡು ಹೋಗಿ. ‘ನಾರ್ಮಲ್’ ಅನ್ನೋ ಪದ ಮನೇಲೇ ಬಿಟ್ಟು ಹೋಗಿ.

ಈಗ ನನ್ನ ಹಿಮೋಗ್ಲೋಬಿನ್ 10.9. ಹೋದ ತಿಂಗಳು ಏಳು ದಿನಕ್ಕೆ ನಿಂತಿತು. ಗಂಟುಗಳು ಇದ್ದಲ್ಲೇ ಇವೆ, ಆರು ತಿಂಗಳಿಗೆ ಇನ್ನೊಂದು ಸ್ಕ್ಯಾನಿಂಗ್. ಚಿಕ್ಕಮ್ಮನ ಮಗಳು ಮೈಸೂರಿನ ಹಾಸ್ಟೆಲ್‌ನಲ್ಲಿದ್ದಾಳೆ, ಇಪ್ಪತ್ತು ವರ್ಷ. ಮೊನ್ನೆ ಅವಳಿಗೆ ಫೋನ್ ಮಾಡಿ ಎಷ್ಟು ದಿನ ಹೋಗುತ್ತೆ ಅಂತ ಕೇಳಿದೆ. “ಅಯ್ಯೋ ಅಕ್ಕ, ದೊಡ್ಡಮ್ಮನೂ ನೆನ್ನೆ ಇದನ್ನೇ ಕೇಳಿದ್ರು” ಅಂತ ನಕ್ಕಳು.