ನಾಯಿಯ ಪಾಲಿನ ಕಡಲೆಕಾಯಿ

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಪರಿಷೆ ಬಂತೆಂದರೆ ಬೆಂಗಳೂರಿನ ಬಹುಪಾಲು ಮನೆಗಳಿಗೆ ಸೇರುಗಟ್ಟಲೆ ಕಡಲೆಕಾಯಿ ಬಂದು ಬೀಳುತ್ತದೆ. ಉತ್ತರ ಕರ್ನಾಟಕದವರಿಗಂತೂ ಶೇಂಗಾ ಇಲ್ಲದ ಅಡುಗೆಮನೆಯೇ ಇಲ್ಲ. ಮಕ್ಕಳು ಸಿಪ್ಪೆ ಸುಲಿಯುತ್ತ ಕೂತರೆ ಸಾಕಿದ ನಾಯಿಯೂ ಎದುರಿಗೆ ಬಂದು ಬಾಲ ಆಡಿಸುತ್ತ ಕೂರುತ್ತದೆ. ಹುಡುಗರ ಕೈ ಧಾರಾಳ. ಎರಡು ಬೀಜ ತಮ್ಮ ಬಾಯಿಗೆ ಹೋದರೆ ಒಂದು ಅದರ ಬಾಯಿಗೆ. 'ನಾಯಿಗೆ ಹಾಕಬೇಡ್ರೋ, ಆಗಿಬರೋದಿಲ್ಲ' ಎಂದು ಅಮ್ಮ ಗದರುತ್ತಾರೆ. 'ತಿನ್ನಲಿ ಬಿಡೇ, ಅದಕ್ಕೂ ಜೀವ ಇಲ್ಲವೇ' ಎಂದು ಅಜ್ಜಿ ಪರವಹಿಸುತ್ತಾರೆ.

ಕಡಲೆಕಾಯಿಯ ಮಟ್ಟಿಗೆ ಅಜ್ಜಿಯ ಮಾತೇ ಸರಿ. ಅದು ನಾಯಿಗೆ ವಿಷವಲ್ಲ. ಹೆಸರಿಗೆ ಗೋಡಂಬಿ, ಬಾದಾಮಿಗಳ ಸಾಲಿನಲ್ಲಿ ಕೂರಿಸಿದರೂ ನಿಜದಲ್ಲಿ ಅದು ತೊಗರಿ, ಅವರೆಗಳ ಬಳಗಕ್ಕೆ ಸೇರಿದ ದ್ವಿದಳ ಧಾನ್ಯ. ನೂರು ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಆದರೆ ಅದರ ಜೊತೆಯಲ್ಲೇ 49 ಗ್ರಾಂನಷ್ಟು ಕೊಬ್ಬೂ ಇದೆ. ಅಂದರೆ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಒಂದೇ ಸಲಕ್ಕೆ ಇಷ್ಟು ಕೊಬ್ಬು ಒಳಗೆ ಹೋದರೆ ಕೆಲವು ನಾಯಿಗಳ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ, ಹೊಟ್ಟೆನೋವು ಶುರುವಾಗುತ್ತದೆ. ಹತ್ತು ಕಿಲೋ ತೂಗುವ ನಾಯಿಗೆ ದಿನಕ್ಕೆ ಬೇಕಾದದ್ದು ಸುಮಾರು 600 ಕ್ಯಾಲೊರಿ. ತಿಂಡಿ ತೀರ್ಥವೆಲ್ಲ ಇದರ ಹತ್ತರಲ್ಲೊಂದು ಪಾಲನ್ನು ಮೀರಬಾರದೆನ್ನುವುದು ಪಶುವೈದ್ಯರ ಲೆಕ್ಕ. ಹತ್ತು ಗ್ರಾಂ ಕಡಲೆಬೀಜಕ್ಕೇ ಆ ಪಾಲು ಮುಗಿದುಹೋಗುತ್ತದೆ. ಆರೇಳು ಬೀಜಕ್ಕೆ ನಿಲ್ಲಿಸುವುದು ಕ್ಷೇಮ. ಬೊಜ್ಜು ಬಂದ ನಾಯಿಗೆ, ಹಿಂದೊಮ್ಮೆ ಈ ಕಾಯಿಲೆ ಬಂದಿದ್ದ ನಾಯಿಗೆ ಅದೂ ಬೇಡ.

ಇನ್ನು ಅಮ್ಮನ ಆತಂಕ. ಅದಕ್ಕೂ ಬಲವಾದ ಕಾರಣವಿದೆ. ನಾವು ಕಡಲೆಕಾಯಿ ತಿನ್ನುವ ಬಗೆಯನ್ನು ಒಮ್ಮೆ ಗಮನಿಸಿ. ದುಂಡಗಿನ, ಗುಲಾಬಿ ಬಣ್ಣದ ಬೀಜವನ್ನು ನಾವು ತಿನ್ನುತ್ತೇವೆ. ಸುರುಟಿದ್ದು, ಕಪ್ಪಾದದ್ದು, ಬಾಯಿಗಿಟ್ಟರೆ ಕಹಿಯಾದದ್ದು ಪಕ್ಕಕ್ಕೆ ಹೋಗುತ್ತದೆ. ಪಕ್ಕದಲ್ಲಿ ಕೂತಿರುವವರು ಯಾರು? ನಾಯಿ.

ಬೂಷ್ಟು ಹಿಡಿದ ಆ ಬೀಜದಲ್ಲೇ ಅಪಾಯವಿರುವುದು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ತೇವ ಸಿಕ್ಕಿದ ಕಡಲೆಕಾಯಿ, ಮೆಕ್ಕೆಜೋಳಗಳ ಮೇಲೆ ಬೆಳೆದು ವಿಷವೊಂದನ್ನು ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುಬಿದ್ದವು. ಕಾರಣ ತಿಳಿಯದೆ 'ಟರ್ಕಿ ಎಕ್ಸ್ ಕಾಯಿಲೆ' ಎಂದು ಹೆಸರಿಟ್ಟರು. ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ್ದ ಕಡಲೆಕಾಯಿ ಹಿಂಡಿ. ಶಿಲೀಂಧ್ರದ ಹೆಸರಿನಿಂದಲೇ ಅಕ್ಷರಗಳನ್ನು ಹೆಕ್ಕಿ ಆ ವಿಷವನ್ನು 'ಅಫ್ಲಾಟಾಕ್ಸಿನ್' ಎಂದು ಕರೆದರು. ಅಮೆರಿಕದಲ್ಲಿ 1950ರ ದಶಕದಲ್ಲಿ ನಾಯಿಗಳ ಯಕೃತ್ತನ್ನು ಕೆಡಿಸಿದ್ದ 'ಹೆಪಟೈಟಿಸ್ ಎಕ್ಸ್' ಎಂಬ ಇನ್ನೊಂದು ಅನಾಮಿಕ ಕಾಯಿಲೆಗೂ ಇದೇ ಮೂಲವೆಂದು ಆಮೇಲೆ ತಿಳಿಯಿತು.

ನಮ್ಮ ದೇಶದ ಕಥೆ ಇನ್ನೂ ದಾರುಣ. 1974ರ ಕೊನೆಯಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಕಾಮಾಲೆಯಿಂದ ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ಸಾಯತೊಡಗಿದರು. ಸತ್ತವರು ನೂರಕ್ಕೂ ಹೆಚ್ಚು. ಅಕಾಲ ಮಳೆಗೆ ನೆಂದು ಬೂಷ್ಟು ಹಿಡಿದಿದ್ದ ಮೆಕ್ಕೆಜೋಳವೇ ಅವರ ಆಹಾರವಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವಿಜ್ಞಾನಿಗಳು ಕೂಡ ಅದರ ತನಿಖೆ ನಡೆಸಿದರು. ಮನುಷ್ಯರಂತೆಯೇ ಆ ಹಳ್ಳಿಗಳ ನಾಯಿಗಳಿಗೂ ಕಾಮಾಲೆ ಬಂದಿತ್ತು, ಹೊಟ್ಟೆ ಊದಿತ್ತು. ಮನೆಯವರು ಉಂಡು ಮಿಕ್ಕಿದ್ದನ್ನೇ ಅವೂ ತಿಂದಿದ್ದವು. ಅಲ್ಲಿ ಮನುಷ್ಯರಿಗೆ ಬೇರೆ ಕಾಳು ಇರಲಿಲ್ಲ. ನಮ್ಮಲ್ಲಿ ಬೇರೆ ಕಾಳು ಇದ್ದೂ ಕೆಟ್ಟದ್ದನ್ನು ನಾಯಿಗೆ ಎತ್ತಿಡುತ್ತೇವೆ.

ಹುರಿದರೆ ಸರಿಹೋಗುತ್ತದೆಂಬ ನಂಬಿಕೆ ಬೇಡ. ಬೂಷ್ಟು ಸತ್ತರೂ ವಿಷ ಪೂರ್ತಿ ನಾಶವಾಗುವುದಿಲ್ಲ. ತೊಳೆದರೂ ಹೋಗುವುದಿಲ್ಲ. ಒಂದು ಕಹಿ ಬೀಜ ತಿಂದ ಮಾತ್ರಕ್ಕೆ ನಾಯಿ ಸಾಯುವುದಿಲ್ಲ ನಿಜ, ಆದರೆ ದಿನವೂ ಅಂಥದ್ದನ್ನೇ ತಿನ್ನುತ್ತಿದ್ದರೆ ಯಕೃತ್ತು ಸದ್ದಿಲ್ಲದೆ ಕೆಡುತ್ತದೆ. ಊಟ ಬಿಡುವುದು, ವಾಂತಿ, ಒಸಡು ಹಳದಿಯಾಗುವುದು ಇದರ ಸೂಚನೆಗಳು. ಹಳ್ಳಿಯ ಮನೆಗಳಲ್ಲಿ ದನಕ್ಕೆಂದು ತಂದ ಹಿಂಡಿಯ ಚೀಲ ಮಳೆಗಾಲದಲ್ಲಿ ನೆಲದ ಮೇಲೆಯೇ ಬಿದ್ದಿರುತ್ತದೆ. ನಾಯಿ ಅದಕ್ಕೆ ಬಾಯಿ ಹಾಕದಂತೆಯೂ ನೋಡಿಕೊಳ್ಳಬೇಕು. ಅದನ್ನು ದನಕ್ಕೆ ಹಾಕುವುದೂ ತಪ್ಪೇ ಅನ್ನಿ.

ಈಗ ಪೀನಟ್ ಬಟರ್. ಜಿಮ್‌ಗೆ ಹೋಗುವ ಅಣ್ಣಂದಿರ ಕೃಪೆಯಿಂದ ಇದರ ಡಬ್ಬಿ ನಮ್ಮ ಮನೆಗಳಿಗೂ ಬಂದಿದೆ. ಬರೀ ಕಡಲೆಬೀಜ ಅರೆದು ಮಾಡಿದ್ದಾದರೆ ಅರ್ಧ ಚಮಚ ನೆಕ್ಕಿಸಲು ಅಡ್ಡಿಯಿಲ್ಲ. ಮಾತ್ರೆ ನುಂಗದೆ ಉಗಿಯುವ ನಾಯಿಗೆ ಇದರಲ್ಲಿ ಹುದುಗಿಸಿ ಕೊಡುವುದು ಒಳ್ಳೆಯ ಉಪಾಯವೂ ಹೌದು. ಆದರೆ ಕೆಲವು ತಯಾರಿಕೆಗಳಲ್ಲಿ ಸಕ್ಕರೆಯ ಬದಲು ಜೈಲಿಟಾಲ್ ಎಂಬ ಸಿಹಿಕಾರಕ ಹಾಕಿರುತ್ತಾರೆ. ಮನುಷ್ಯರಿಗೆ ಅದರಿಂದ ತೊಂದರೆಯಿಲ್ಲ, ಹಲ್ಲಿಗೂ ಒಳ್ಳೆಯದೆನ್ನುತ್ತಾರೆ. ನಾಯಿಯ ದೇಹ ಮಾತ್ರ ಅದನ್ನು ನಿಜವಾದ ಸಕ್ಕರೆಯೆಂದು ತಿಳಿದು ಮೋಸಹೋಗುತ್ತದೆ. ಮೇದೋಜೀರಕ ಗ್ರಂಥಿ ಭರದಿಂದ ಇನ್ಸುಲಿನ್ ಸುರಿಸುತ್ತದೆ. ರಕ್ತದಲ್ಲಿದ್ದ ಸಕ್ಕರೆ ಸರ್ರನೆ ಇಳಿದುಹೋಗುತ್ತದೆ. ಅರ್ಧ ಗಂಟೆಯಲ್ಲೇ ನಾಯಿ ತೂರಾಡಬಹುದು, ಫಿಟ್ಸ್ ಬರಬಹುದು; ಕೆಲವೊಮ್ಮೆ ಹತ್ತು ಹನ್ನೆರಡು ಗಂಟೆ ತಡವಾಗಿಯೂ ಕಾಣಿಸೀತು. ಪ್ರಮಾಣ ಹೆಚ್ಚಾದರೆ ಯಕೃತ್ತೇ ಕೈಕೊಡುತ್ತದೆ. ಕಿಲೋ ತೂಕಕ್ಕೆ 0.1 ಗ್ರಾಂ ಸಾಕು, ಅಂದರೆ ಹತ್ತು ಕಿಲೋ ನಾಯಿಗೆ ಒಂದೇ ಗ್ರಾಂ.

ಆದ್ದರಿಂದ ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದುವ ಕೆಲಸ ಮಕ್ಕಳ ಪಾಲಿಗಿರಲಿ, ಅವರ ಕಣ್ಣು ಚುರುಕು. ಜೈಲಿಟಾಲ್ ಎಂಬ ಹೆಸರು ಕಾಣದಿದ್ದರೂ 967 ಎಂಬ ಸಂಖ್ಯೆ ಇರಬಹುದು, ಎರಡೂ ಒಂದೇ. 'ಸಕ್ಕರೆ ರಹಿತ' ಎಂದಿದ್ದ ಡಬ್ಬಿಯಲ್ಲೆಲ್ಲ ಅದು ಇರುತ್ತದೆಂದಲ್ಲ, ಓದಿಯೇ ತಿಳಿಯಬೇಕು. ಸಕ್ಕರೆ ರಹಿತ ಚೂಯಿಂಗ್ ಗಮ್ಮಿನಲ್ಲೂ ಇದಿರುತ್ತದೆ, ಶಾಲೆಯ ಚೀಲ ನಾಯಿಗೆ ಎಟುಕದಿರಲಿ.

ನಮ್ಮದೇ ಅಡುಗೆಯ ಪೈಕಿ ಶೇಂಗಾ ಚಟ್ನಿಪುಡಿ ಕೊಡಲೇಬಾರದು. ಅದರಲ್ಲಿರುವ ಬೆಳ್ಳುಳ್ಳಿ, ಈರುಳ್ಳಿಯಂತೆಯೇ, ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಉಪ್ಪು ಖಾರ ಹಚ್ಚಿದ್ದು ಬೇಡ, ದ್ರಾಕ್ಷಿ ಬೆರೆತ ಮಿಕ್ಸ್ಚರ್ ಬೇಡವೇ ಬೇಡ, ಒಣದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ಕುತ್ತು. ಸಿಪ್ಪೆ ಜೀರ್ಣವಾಗದೆ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಹುರಿದ ಅಥವಾ ಉಪ್ಪಿಲ್ಲದೆ ಬೇಯಿಸಿದ ಬೀಜವನ್ನು, ನೀವು ತಿನ್ನುವುದರಲ್ಲೇ ಆರಿಸಿ, ಬೇಳೆ ಬಿಡಿಸಿ ಕೊಡಿ. ಮೊದಲ ದಿನ ಒಂದೆರಡು ಸಾಕು. ಮೈ ಕೆರೆತ, ಮುಖ ಊತ ಕಂಡರೆ ಅಲ್ಲಿಗೇ ಬಿಡಿ.

ಜೈಲಿಟಾಲ್ ತಿಂದಿದೆಯೆಂದು ಅನುಮಾನ ಬಂದರೆ ಲಕ್ಷಣಕ್ಕಾಗಿ ಕಾಯುತ್ತ ಕೂರಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ಕೆಲವರಲ್ಲಿದೆ, ಆ ಉಪ್ಪೇ ನಾಯಿಗೆ ಇನ್ನೊಂದು ವಿಷವಾದೀತು. ಡಬ್ಬಿಯ ಸಮೇತ ಪಶುವೈದ್ಯರ ಬಳಿಗೆ ಓಡಿ. ಎಷ್ಟು ತಿಂದಿತು, ಎಷ್ಟು ಹೊತ್ತಾಯಿತು, ನಾಯಿಯ ತೂಕವೆಷ್ಟು ಎಂದು ಅವರು ಕೇಳುತ್ತಾರೆ. ಮೂರನೆಯದಕ್ಕೆ ಉತ್ತರ ಈಗಲೇ ಸಿದ್ಧವಿರಲಿ: ತೂಕದ ಯಂತ್ರದ ಮೇಲೆ ಮೊದಲು ನೀವೊಬ್ಬರೇ ನಿಲ್ಲಿ, ಆಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದು ಬಂದದ್ದನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ.