ಏಳು ಸೀಟಿನ ಗಾಡಿಯಲ್ಲಿ ಎಷ್ಟು ಮಂದಿ?

ಪೆರ್ನಾಲ್ ಅಥವಾ ಮದುವೆ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ದೊಡ್ಡ ಗಾಡಿಯ ಮಾತು ಏಳುತ್ತದೆ. ಅಜ್ಜಿ, ಗಂಡ ಹೆಂಡತಿ, ಮೂರ್ನಾಲ್ಕು ಮಕ್ಕಳು. ಸಣ್ಣ ಕಾರಿನಲ್ಲಿ ಯಾರನ್ನಾದರೂ ಬಿಟ್ಟೇ ಹೋಗಬೇಕು.

ಹಿಂದೆ ಇದಕ್ಕೆ ಉತ್ತರವಾಗಿದ್ದುದು ಮಾರುತಿ ಓಮ್ನಿ. 1984ರಲ್ಲಿ ಬಂದ ಆ ವ್ಯಾನಿನ ಬಾಗಿಲು ಪಕ್ಕಕ್ಕೆ ಸರಿಯುತ್ತಿತ್ತು. ಬುರ್ಖಾ ಧರಿಸಿದವರಿಗೂ ವೃದ್ಧರಿಗೂ ಹತ್ತಿಳಿಯಲು ಸುಲಭ. ಆದರೆ ಮುಂದೆ ಬಾನೆಟ್ ಇಲ್ಲದ್ದರಿಂದ ಡಿಕ್ಕಿಯ ಪೆಟ್ಟು ನೇರವಾಗಿ ಮುಂದೆ ಕುಳಿತವರ ಕಾಲಿಗೆ. ಹೊಸ ಸುರಕ್ಷಾ ನಿಯಮಗಳು ಬಂದಾಗ, 2019ರಲ್ಲಿ ಅದರ ತಯಾರಿಕೆ ನಿಂತಿತು. ಈಗ ಕುಟುಂಬಗಳು ನೋಡುವುದು ಮೂರು ಸಾಲಿನ ಕಾರುಗಳನ್ನು.

ಅಂಥದ್ದೊಂದನ್ನು ನಾವು ಬಿಜೈಯಲ್ಲಿ ಓಡಿಸಿ ನೋಡಿದೆವು. ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡೇ ಹೋಗಿದ್ದೆವು. ಕೆಎಸ್ಸಾರ್ಟಿಸಿ ಬಸ್ ನಿಲ್ದಾಣದ ಬಳಿಯ ದಟ್ಟಣೆಯಲ್ಲಿ, ಕಾಪಿಕಾಡ್ ಕಡೆಗೆ ಪತಿ ಓಡಿಸಿದರು. ಅವರಿಗೆ ಎಲ್ಲವೂ ಸರಿಯಾಗಿತ್ತು. ಬರುವಾಗ ನಾನು ಸ್ಟಿಯರಿಂಗ್ ಹಿಡಿದು ಅವರನ್ನು ಮೂರನೇ ಸಾಲಿಗೆ ಕಳುಹಿಸಿದೆ. ಸರ್ಕ್ಯೂಟ್ ಹೌಸ್ ಕಡೆಯ ಏರು ಹತ್ತುವಷ್ಟರಲ್ಲಿ ಅವರ ಮೊಣಕಾಲು ಎದೆಗೆ ಬಂದಿತ್ತು! ತುಂಬಿದ ಗಾಡಿ ಎ.ಸಿ. ಹಾಕಿಕೊಂಡು ಏರು ಹತ್ತುವಾಗಲೇ ಎಂಜಿನ್ನಿನ ಶಕ್ತಿಯೂ ತಿಳಿಯುತ್ತದೆ. ನಡುವಿನ ಸೀಟು ಮಡಚಿ ಹಿಂದಕ್ಕೆ ನುಸುಳುವುದು ಅತ್ತೆಯಿಂದ ಆಗಲೇ ಇಲ್ಲ. ಅಲ್ಲಿಗೆ ಆ ಸಾಲು ಮಕ್ಕಳದ್ದೇ ಎಂದಾಯಿತು. ಮೂರನೇ ಸಾಲಿನಲ್ಲೂ ಜನ ಕುಳಿತರೆ ಸಾಮಾನಿಗೆ ಜಾಗ ಅಷ್ಟಕ್ಕಷ್ಟೆ. ಉದಾಹರಣೆಗೆ ಎರ್ಟಿಗಾದಲ್ಲಿ ಅದು 209 ಲೀಟರ್. ಆ ಸಾಲನ್ನು ಮಡಚಿದರೆ 550.

ನಾವು ಎಂಟು ಮಂದಿ ಎಂದಾಗ ತೋರಿಸಲು ಬಂದಿದ್ದ ಹುಡುಗ, "ಮಗುವನ್ನು ಮುಂದೆ ಮಡಿಲಲ್ಲಿ ಕೂರಿಸಿಕೊಳ್ಳಿ ಅಕ್ಕಾ, ಅಡ್ಜಸ್ಟ್ ಆಗುತ್ತದೆ" ಎಂದ. ನಾವೆಲ್ಲರೂ ಹಾಗೆ ಮಾಡುವವರೇ. ಆದರೆ ಸಹೋದರಿಯರೇ, ಮುಂದಿನ ಸೀಟಿನ ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಭಾರೀ ವೇಗದಿಂದ ಉಬ್ಬುತ್ತದೆ. ಬೆಲ್ಟ್ ಧರಿಸಿದ ದೊಡ್ಡವರನ್ನು ರಕ್ಷಿಸುವ ಅದೇ ಚೀಲ ಮಡಿಲಲ್ಲಿರುವ ಮಗುವಿನ ಜೀವ ತೆಗೆಯಬಲ್ಲದು. ಹಿಂದಿನ ಸೀಟಿನಲ್ಲಿ ಕುಳಿತರೂ ಡಿಕ್ಕಿಯ ಹೊತ್ತಿನಲ್ಲಿ ತಾಯಿಯ ತೋಳು ಮಗುವನ್ನು ಹಿಡಿದಿಡಲಾರದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದಿದ್ದರೆ 1,000 ರೂಪಾಯಿ ದಂಡ. ದಂಡ ಕಟ್ಟಬಹುದು, ಮಗುವನ್ನು ಮರಳಿ ತರಲಾದೀತೇ?

ವಾಹನವೇರುವಾಗ ನಾವು ದುಆ ಹೇಳುತ್ತೇವೆ. ಒಂಟೆಯನ್ನು ಕಟ್ಟಿಹಾಕಿ, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ. ನಮ್ಮ ಕಾಲದಲ್ಲಿ ಆ ಹಗ್ಗವೇ ಸೀಟ್ ಬೆಲ್ಟ್.

ಗಾಡಿ ನೋಡಲು ಹೋಗುವಾಗ ಗಂಡಸರನ್ನು ಮಾತ್ರ ಕಳುಹಿಸಬೇಡಿ. ಮನೆಮಂದಿಯೆಲ್ಲ ಹೋಗಿ, ಪ್ರತಿಯೊಬ್ಬರೂ ತಮ್ಮ ಜಾಗದಲ್ಲಿ ಕುಳಿತು ನೋಡಿ. ಮಕ್ಕಳ ಸೀಟು ಸರಿಯಾಗಿ ಕೂರುತ್ತದೆಯೇ ಎಂದು ಪರೀಕ್ಷಿಸಿ. ಬಣ್ಣ, ಮೈಲೇಜ್ ಕೇಳುವ ಮೊದಲು ಬೆಲ್ಟುಗಳನ್ನು ಎಣಿಸಿ. ಏಳು ಬೆಲ್ಟಿದ್ದರೆ ಮಗುವೂ ಸೇರಿ ಏಳೇ ಮಂದಿ. ಎಂಟನೆಯವರಿಗೆ ಬಸ್ಸಿದೆ, ರಿಕ್ಷಾ ಇದೆ.