'ಹುಷಾರು' ಎಂದರೆ ಸಾಲದು

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮಗ ವಿದೇಶದ ವಿಶ್ವವಿದ್ಯಾಲಯಕ್ಕೆ ಹೊರಟರೆ 'ಚೆನ್ನಾಗಿ ಓದಪ್ಪ' ಎನ್ನುತ್ತಾರೆ. ಮಗಳು ಹೊರಟರೆ 'ಹುಷಾರಮ್ಮ' ಎನ್ನುತ್ತಾರೆ. ಅವಳು ಹೋಗುವುದು ವರ್ಷಗಟ್ಟಲೆಯ ಸಂಶೋಧನೆಗಿರಲಿ, ನಾಲ್ಕು ದಿನದ ವಿಚಾರ ಸಂಕಿರಣಕ್ಕಿರಲಿ, ಮಾತು ಅದೇ. ಯಾವುದಕ್ಕೆ ಹುಷಾರು, ಕೈಮೀರಿದರೆ ಯಾರನ್ನು ಕರೆಯಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ದಂಡಿನ ಮಾರಮ್ಮನಿಗೆ, ಗೊರವನಹಳ್ಳಿಯ ಲಕ್ಷ್ಮಿಗೆ, ಪಾವಗಡದ ಶನಿಮಹಾತ್ಮನಿಗೆ ಹರಕೆ ಹೊತ್ತು, ಡಬ್ಬಿಗೆ ಚಟ್ನಿಪುಡಿ ತುಂಬಿ ಕಳಿಸುತ್ತೇವೆ. ಹರಕೆ ಬೇಡ ಎನ್ನುವವಳಲ್ಲ ನಾನು. ಆದರೆ ಅದರ ಜೊತೆಗೆ ಆರೋಗ್ಯ ವಿಮೆಯ ಕಾಗದ ಎಲ್ಲಿ ಎಂದು ಕೇಳಿದ ಮನೆಗಳು ಎಷ್ಟಿವೆ, ಹೇಳಿ ನೋಡೋಣ?

ಇದು ಕಳಿಸುವವರ ಮಾತಾಯಿತು. ಕಳಿಸದವರ ಬಾಯಲ್ಲಿ ಇನ್ನೊಂದು ಮಾತಿದೆ: 'ಕಾಲ ಕೆಟ್ಟಿದೆ.' ಕಾಲ ಯಾವಾಗ ಒಳ್ಳೆಯದಿತ್ತು ತಾಯಿ? 1947ರಲ್ಲಿ ರಾಜೇಶ್ವರಿಯೆಂಬ ಮೈಸೂರು ಸೀಮೆಯ ಇಪ್ಪತ್ತೈದರ ಹೆಣ್ಣುಮಗಳು ಹಡಗು ಹತ್ತಿ, ಸುಮಾರು ಒಂದು ತಿಂಗಳು ಕಡಲಲ್ಲಿ ಕಳೆದು, ಎಂಜಿನಿಯರಿಂಗ್ ಓದಲು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಮುಂದೆ ರಾಜೇಶ್ವರಿ ಚಟರ್ಜಿ ಎಂಬ ಹೆಸರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿಯಾದವರು ಅವರೇ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಆ ಕಾಲಕ್ಕೇ ಪದವಿ ಪಡೆದು, ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಕಾಲ ನೆಟ್ಟಗಿದೆಯೆಂದು ಮೊಮ್ಮಗಳು ಹೊರಟಿದ್ದಲ್ಲ. ಬೆನ್ನ ಹಿಂದೆ ಅಂಥ ಮನೆಯಿತ್ತು.

ಅಪಾಯವೇ ಇಲ್ಲವೆನ್ನುತ್ತಿಲ್ಲ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿ ನವೀನ್ ಶೇಖರಪ್ಪ ಗ್ಯಾನಗೌಡರ್ ಉಕ್ರೇನಿನ ಖಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದರು. ಊಟದ ಸಾಮಾನು ತರಲು ಹೊರಗೆ ಹೋಗಿದ್ದ ಹುಡುಗ. ನಾಡೇ ಮರುಗಿತು. ಆಗ ಯಾರಾದರೂ 'ಇನ್ನು ಗಂಡುಮಕ್ಕಳನ್ನು ಹೊರದೇಶಕ್ಕೆ ಕಳಿಸಬಾರದು' ಎಂದರೇ? ಇಲ್ಲ. ಮಕ್ಕಳನ್ನು ಮೊದಲೇ ಏಕೆ ಕರೆತರಲಿಲ್ಲ, ವೈದ್ಯಶಿಕ್ಷಣ ಇಲ್ಲಿ ಏಕೆ ಇಷ್ಟು ದುಬಾರಿ ಎಂದು ಸರ್ಕಾರವನ್ನು ಕೇಳಿದರು. ಕೇಳಬೇಕಾದ ಪ್ರಶ್ನೆಗಳೇ ಅವು. ಹೆಣ್ಣಿಗೆ ಏನಾದರೂ ಆದಾಗ ಮಾತ್ರ ಪ್ರಶ್ನೆಯೆಲ್ಲ ಅವಳ ಕಡೆಗೇ ತಿರುಗುತ್ತದೆ: ಆ ಹೊತ್ತಿನಲ್ಲಿ ಯಾಕೆ ಹೋದಳು, ಯಾರ ಜೊತೆ ಹೋದಳು?

ಇನ್ನು, ಅಪಾಯ ಇರುವುದು ಹೊರದೇಶದಲ್ಲಿ ಎಂಬ ಭ್ರಮೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲೇ, ಇನ್ಯಾರದೋ ಕಾರು ಮಾಡಿದ ಅಪಘಾತದ ಸಿಟ್ಟನ್ನು, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ತೀರಿಸಿಕೊಂಡಿತು. ಹೊಡೆದರು, ಬಟ್ಟೆ ಹರಿದರು. ಆ ಹುಡುಗಿಯ ತಾಯಿಗೆ ನಮ್ಮ ಬೆಂಗಳೂರೇ ಪರದೇಶ. ಅಷ್ಟು ದೂರವೇಕೆ, ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರು ಬಸ್ಸಿನಲ್ಲಿ ನಿಂತೇ ಹೋಗುವವಳು ಕೈಯಲ್ಲಿ ಸೇಫ್ಟಿಪಿನ್ ಹಿಡಿದಿರುವುದು ಸೆರಗಿಗೆ ಚುಚ್ಚಲಿಕ್ಕಲ್ಲ ಎಂಬುದು ನಮಗೆಲ್ಲ ಗೊತ್ತು.

ನಿಜವಾದ ಅಪಾಯವೊಂದನ್ನು ನಾವೇ ಗಂಟುಕಟ್ಟಿ ಕಳಿಸುತ್ತೇವೆ. 'ಸ್ವಲ್ಪ ಹೆಚ್ಚುಕಡಿಮೆಯಾದರೂ ವಾಪಸ್ಸು ಬಂದುಬಿಡು, ಓದಿದ್ದು ಸಾಕು' ಎನ್ನುತ್ತೇವಲ್ಲ, ಅದು. ಅಲ್ಲಿ ಮಾರ್ಗದರ್ಶಕ ಅಸಭ್ಯವಾಗಿ ನಡೆದುಕೊಂಡರೆ, ಬಾಡಿಗೆ ಮನೆಯವನು ಕಾಟ ಕೊಟ್ಟರೆ, ಅವಳು ಅಮ್ಮನಿಗೆ ಹೇಳುವುದಿಲ್ಲ. ಹೇಳಿದರೆ ಓದೇ ನಿಲ್ಲುತ್ತದೆಂಬ ಭಯ. ಹೀಗೆ ನಮ್ಮ ಕಾವಲೇ ಅವಳನ್ನು ಒಂಟಿ ಮಾಡುತ್ತದೆ. ಕಾಟ ಕೊಡುವವನಿಗೆ ಬೇಕಾದದ್ದೂ ಅದೇ.

ಹಾಗಾದರೆ ಜವಾಬ್ದಾರಿ ಯಾರದು? ಕಳಿಸುವ ಸಂಸ್ಥೆಯದು ಮೊದಲು. ಅನುಮತಿ ಪತ್ರಕ್ಕೆ ಮೊಹರು ಒತ್ತಿ ಕೈತೊಳೆದುಕೊಂಡರೆ ಮುಗಿಯಲಿಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯಲ್ಲಿ, ಕೆಲಸದ ಸಲುವಾಗಿ ಹೋದ ಜಾಗವೂ 'ಕೆಲಸದ ಸ್ಥಳ'ವೇ. ಯುಜಿಸಿಯ 2015ರ ನಿಯಮಾವಳಿ, ವಿದ್ಯಾರ್ಥಿನಿ ಕ್ಷೇತ್ರಕಾರ್ಯಕ್ಕೆ, ಅಧ್ಯಯನ ಪ್ರವಾಸಕ್ಕೆ ಹೋದ ಜಾಗವನ್ನೂ 'ಕ್ಯಾಂಪಸ್' ಎಂದೇ ಎಣಿಸುತ್ತದೆ. ಅಂದಮೇಲೆ 'ಗೇಟಿನಾಚೆ ನಡೆದದ್ದು ನಮಗೆ ಸೇರಿದ್ದಲ್ಲ' ಎನ್ನುವ ಹಾಗಿಲ್ಲ. ವಿಮೆ ಮಾಡಿಸಿ, ಇಳಿಯುವ ಜಾಗವನ್ನು ವಿಚಾರಿಸಿ, ರಾತ್ರಿ ಎರಡಕ್ಕೂ ಫೋನೆತ್ತುವ ಒಬ್ಬರ ಹೆಸರನ್ನು ಬರೆದುಕೊಡಲಿ. ಇದು ಉಪಕಾರವಲ್ಲ, ಅವರ ಕೆಲಸ.

ಮನೆಯವರ ಪಾಲಿನದೂ ಇದೆ. ಪಾಸ್‌ಪೋರ್ಟಿನ ಜೆರಾಕ್ಸ್ ಒಂದು ಮನೆಯಲ್ಲಿರಲಿ. ಆ ದೇಶದ ಭಾರತೀಯ ರಾಯಭಾರ ಕಚೇರಿಯ ನಂಬರನ್ನು ಮೊಬೈಲಿನಲ್ಲಷ್ಟೇ ಅಲ್ಲ, ಚೀಟಿಯಲ್ಲೂ ಬರೆದು ಅವಳ ಪರ್ಸಿನಲ್ಲಿಡಿ. ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ 'ಮದದ್' ವ್ಯವಸ್ಥೆಯಲ್ಲಿ ಹೊರಡುವ ಮೊದಲೇ ಹೆಸರು ನೋಂದಾಯಿಸಲಿ. ಪೊಲೀಸರಿಗೆ ಯೂರೋಪಿನಲ್ಲಾದರೆ 112, ಅಮೆರಿಕದಲ್ಲಾದರೆ 911 ಎಂದು ಬಾಯಿಪಾಠವಿರಲಿ. ವಾಪಸ್ಸು ಬರುವ ಟಿಕೆಟ್ಟಿನಷ್ಟು ಹಣ ಅವಳ ಹೆಸರಿನಲ್ಲೇ, ಅವಳ ಕೈಗೆ ಸಿಗುವಂತಿರಲಿ.

ಇಷ್ಟೆಲ್ಲ ಮಾಡಿ, ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ 'ಏನೇ ಆದರೂ ಮೊದಲು ನನಗೆ ಹೇಳು, ನಿನ್ನ ಓದು ನಿಲ್ಲಿಸುವುದಿಲ್ಲ' ಎಂದು ಹೇಳಿ. ಆಮೇಲೆ ಬೇಕಾದರೆ 'ಹುಷಾರು' ಎನ್ನಿ.